ಒಂಬತ್ತು ಇಂಚಿನ ಎಕ್ಸಾಸ್ಟ್ ಫ್ಯಾನ್: ಏಳು ವರ್ಷ ಬಳಸಿದ ಮೇಲೆ

ಮೈಸೂರಿನ ನಮ್ಮ ಹಳೆಯ ಮನೆಯ ಅಡುಗೆಮನೆಗೆ 2018ರಲ್ಲಿ ಒಂಬತ್ತು ಇಂಚಿನ, ಲೋಹದ ಮೈಯ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು. ಗಾಳಿ ಎಳೆಯುವ ವಿಷಯದಲ್ಲಿ ದೂರುವಂಥದ್ದೇನೂ ಇಲ್ಲ. ಒಣಮೆಣಸಿನಕಾಯಿ ಹುರಿದರೂ ಘಾಟು ನಡುಮನೆಗೆ ಬರುವುದಿಲ್ಲ. ಸದ್ದು ಮಾತ್ರ ಸ್ವಲ್ಪ ಹೆಚ್ಚು. ಆದರೆ ಇಷ್ಟು ವರ್ಷಗಳಲ್ಲಿ ಬಂದ ತೊಂದರೆಗಳೆಲ್ಲ ಹೆಚ್ಚಾಗಿ ವೈರಿಂಗಿನ ಕಡೆಯಿಂದಲೇ ಬಂದದ್ದರಿಂದ, ಈ ವಿಮರ್ಶೆಯ ಬಹುಪಾಲನ್ನು ಅದಕ್ಕೇ ಮೀಸಲಿಡುತ್ತೇನೆ.

ಫ್ಯಾನಿನ ಜೊತೆ ಬಂದ ತಂತಿಯಲ್ಲಿ ಮೂರು ಎಳೆಗಳಿದ್ದವು. ಕೂರಿಸಲು ಬಂದ ಎಲೆಕ್ಟ್ರಿಷಿಯನ್, ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ತಿಂಗಿನ ಹಸಿರು ಎಳೆಯನ್ನು ಕತ್ತರಿಸಿ ಟೇಪು ಸುತ್ತಿ, ಉಳಿದೆರಡನ್ನು ಟ್ಯೂಬ್‌ಲೈಟ್ ಪಾಯಿಂಟಿನಿಂದ ಎಳೆದ ಜೋಡಿ ವೈರಿಗೆ ಸೇರಿಸಿದರು. ‘ಇದೇನು ಫ್ರಿಜ್ಜಾ ಸಾರ್, ಅರ್ತಿಂಗ್ ಬೇಡ’ ಎಂದರು, ನಾನೂ ತಲೆಯಾಡಿಸಿದೆ. ಮರುವರ್ಷ ದೀಪಾವಳಿಗೆ ಮನೆ ಸ್ವಚ್ಛಗೊಳಿಸುವಾಗ, ಸ್ವಿಚ್ ಆರಿಸಿ ಒದ್ದೆ ಬಟ್ಟೆಯಲ್ಲಿ ಜಾಲರಿ ಒರೆಸುತ್ತಿದ್ದ ಅಮ್ಮ ಕೈ ಜುಮ್ಮೆಂದು ಹಿಂದಕ್ಕೆ ಸರಿದರು. ಟೆಸ್ಟರ್ ಇಟ್ಟು ನೋಡಿದರೆ, ಸ್ವಿಚ್ ಆರಿಸಿದ್ದರೂ ಜಾಲರಿಯ ಮೇಲೆ ಅದು ಮಿಣಮಿಣ ಉರಿಯುತ್ತಿತ್ತು. ಸ್ವಿಚ್ಚನ್ನು ವಿದ್ಯುತ್ ಬರುವ ಫೇಸ್ ತಂತಿಯ ಬದಲು ಅದು ಹಿಂತಿರುಗುವ ನ್ಯೂಟ್ರಲ್ ತಂತಿಗೆ ಹಾಕಿದ್ದರು: ಸ್ವಿಚ್ ಆರಿಸಿದರೆ ಫ್ಯಾನ್ ನಿಲ್ಲುತ್ತಿತ್ತೇ ಹೊರತು, ಅದರ ಮೋಟಾರಿನೊಳಗಿನ ತಂತಿಸುರುಳಿಯ (ವೈಂಡಿಂಗಿನ) ವರೆಗೂ 230 ವೋಲ್ಟ್ ಹಾಗೆಯೇ ನಿಂತಿರುತ್ತಿತ್ತು. ಎಣ್ಣೆಜಿಡ್ಡು, ತೇವ ಸೇರಿದಾಗ ಸೋರಿದ ವಿದ್ಯುತ್ತಿಗೆ ನೆಲ ಸೇರುವ ದಾರಿಯೂ ಇರಲಿಲ್ಲ. ಬೇರೊಬ್ಬರನ್ನು ಕರೆಸಿ, ಫೇಸಿನ ಕೆಂಪು ತಂತಿಯನ್ನು ಸ್ವಿಚ್ಚಿನ ಮೂಲಕ, ನ್ಯೂಟ್ರಲ್ಲಿನ ಕಪ್ಪನ್ನು ನೇರವಾಗಿ ತೆಗೆದುಕೊಂಡು, ಮುಖ್ಯ ಬೋರ್ಡಿನಿಂದ ಫ್ಯಾನಿನ ಮೈವರೆಗೆ ಪ್ರತ್ಯೇಕ ಹಸಿರು ತಂತಿ ಎಳೆಸಿದೆ. ಗೋಡೆ ಕೊರೆದ ಕೂಲಿ ಫ್ಯಾನಿನ ಬೆಲೆಗಿಂತ ಹೆಚ್ಚಾಯಿತು.

ಎರಡನೆಯ ತೊಂದರೆ ಫ್ಯೂಸಿನ ಬಗ್ಗೆ ನನಗಿದ್ದ ತಿಳಿವಳಿಕೆಯನ್ನೇ ಬದಲಿಸಿತು. 2022ರ ಒಂದು ಸಂಜೆ ಬೇರಿಂಗಿನಲ್ಲಿ ಜಿಡ್ಡು ಗಟ್ಟಿಯಾಗಿ ರೆಕ್ಕೆಗಳು ನಿಂತುಹೋದವು. ಒಲೆಯ ಮೇಲಿನ ಪಲ್ಯ ಸೀದಿತೆಂದು ನಾವು ತೊಳೆದ ಪಾತ್ರೆಗಳನ್ನೂ ಮೂಸಿ ನೋಡಿದೆವು. ಸೀಯುತ್ತಿದ್ದುದು ಮೋಟಾರಿನ ವೈಂಡಿಂಗಿಗೆ ಬಳಿದ ವಾರ್ನಿಷ್. ವಿದ್ಯುತ್ ಮಿತಿಮೀರಿ ಹರಿದರೆ ತಾನೇ ಬೀಳುವ ಸ್ವಿಚ್, ಅಂದರೆ ಎಂಸಿಬಿ, ಬಿದ್ದಿರಲಿಲ್ಲ. ಅದು ಕೆಟ್ಟಿದೆಯೆಂದು ಬದಲಾಯಿಸಲು ಹೊರಟವನು ಲೆಕ್ಕ ಹಾಕಿ ಸುಮ್ಮನಾದೆ. ಈ ಫ್ಯಾನ್ 45 ವಾಟಿನದು, ಅಂದರೆ ಸುಮಾರು 0.2 ಆಂಪಿಯರ್ ಎಳೆಯುತ್ತದೆ. ನಿಂತ ಮೋಟಾರು ಅದರ ಎರಡು ಪಟ್ಟು ಎಳೆದರೂ ಅರ್ಧ ಆಂಪಿಯರ್ ದಾಟುವುದಿಲ್ಲ. 6 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ತಣಿಸುವ ಗಾಳಿಯೂ ಇಲ್ಲದೆ, ಬಂದ ವಿದ್ಯುತ್ತೆಲ್ಲ ಶಾಖವಾಗಿ ವೈಂಡಿಂಗ್ ಸುಟ್ಟಿತು. ಫ್ಯೂಸಾಗಲಿ ಎಂಸಿಬಿಯಾಗಲಿ ಕಾಯುವುದು ಮುಖ್ಯವಾಗಿ ಗೋಡೆಯೊಳಗಿನ ವೈರನ್ನು. (ನಮ್ಮಪ್ಪ ಹಳೆಯ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸಿಗೆ, ಪದೇ ಪದೇ ಹೋಗದಿರಲೆಂದು, ತಂತಿಯನ್ನು ಎರಡೆಳೆ ಮಾಡಿ ಕಟ್ಟುತ್ತಿದ್ದರು, ಆ ವೈರನ್ನೂ ದೇವರೇ ಕಾಯ್ದಿರಬೇಕು.)

ಇಂಗ್ಲೆಂಡಿನಲ್ಲಿರುವ ತಂಗಿಯ ಮನೆಯಲ್ಲಿ ಬಚ್ಚಲಿನ ಫ್ಯಾನಿಗೆ ಪ್ರತ್ಯೇಕವಾಗಿ 3 ಆಂಪಿಯರ್ ಫ್ಯೂಸ್ ಇದೆ. ಅದನ್ನು ನೋಡಿ ನಾನೂ ಸ್ವಿಚ್ ಬೋರ್ಡಿನಲ್ಲಿ 1 ಆಂಪಿಯರಿನ ಪುಟ್ಟ ಫ್ಯೂಸ್ ಹಾಕಿಸಿಕೊಂಡೆ. ಫ್ಯಾನಿನ ಸಣ್ಣ ತಂತಿಯಲ್ಲಿ ಶಾರ್ಟ್ ಆದರೆ ಅದು ಉಪಯೋಗಕ್ಕೆ ಬರುತ್ತದೆ, ಫ್ಯಾನನ್ನು ಮಾತ್ರ ಬಿಡಿಸಿ ರಿಪೇರಿ ಮಾಡಲೂ ಅನುಕೂಲ; ಆದರೆ ರೆಕ್ಕೆ ನಿಂತಾಗ ಅದೂ ಹೋಗುವುದಿಲ್ಲ ಎಂಬುದನ್ನು ಮೇಲಿನ ಲೆಕ್ಕವೇ ಹೇಳುತ್ತದೆ. ಅದಕ್ಕೆ ವೈಂಡಿಂಗಿನೊಳಗೇ ಕೂರಿಸಿದ, ಬಿಸಿಯೇರಿದರೆ ಕಡಿಯುವ ಥರ್ಮಲ್ ಕಟ್‌ಆಫ್ ಬೇಕು. ಸುಟ್ಟ ಮೋಟಾರಿಗೆ ವೈಂಡಿಂಗ್ ಕಟ್ಟಿಸುವಾಗ ಅದನ್ನು ಕೇಳಿ ಹಾಕಿಸಿದೆ. ಹೊಸದಾಗಿ ಕೊಳ್ಳುವವರು ರೆಕ್ಕೆಯ ಅಳತೆಗಿಂತ ಮೊದಲು ಅಂಗಡಿಯಲ್ಲಿ ಇದನ್ನೇ ವಿಚಾರಿಸುವುದು ಒಳ್ಳೆಯದು.

ಅರ್ತಿಂಗ್ ಸರಿಯಾದ ಮೇಲೆ ಮೊದಲ ಮಳೆಗಾಲದಲ್ಲಿ ವಿದ್ಯುತ್ ನೆಲಕ್ಕೆ ಸೋರಿದರೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಸ್ವಿಚ್ (ಆರ್‌ಸಿಸಿಬಿ) ಮೂರು ಸಲ ಬಿದ್ದು ಇಡೀ ಮನೆ ಕತ್ತಲಾಯಿತು. ಅಮ್ಮ ಹಸಿರು ತಂತಿಯನ್ನೇ ಶಂಕಿಸಿದರು. ನಿಜವಾದ ಕಾರಣ, ಎರಚಲು ನೀರು ಫ್ಯಾನಿನ ಹಿಂಭಾಗದ ಜೋಡಣೆಯ ಪೆಟ್ಟಿಗೆಗೆ ಇಳಿಯುತ್ತಿದ್ದುದು. ಅದರ ಪ್ಲಾಸ್ಟಿಕ್ ಮುಚ್ಚಳ ಒಂದು ಸ್ಕ್ರೂವಿನ ಮೇಲೆ ನಿಂತಿದೆ, ರಬ್ಬರ್ ಅಂಚೂ ಇಲ್ಲ. ಜೋಡಣೆಯನ್ನು ಗೋಡೆಯ ಒಳಬದಿಗೆ ತಂದು, ಹೊರಗೆ ತಗಡಿನ ಮರೆ ಕಟ್ಟಿಸಿದ ಮೇಲೆ ಒಂದು ಸಲವೂ ಬಿದ್ದಿಲ್ಲ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಕಳೆದ ಒಂದು ಆ ಮುಚ್ಚಳಕ್ಕೆ.