ಅಂಚೆ ಪಾಠ, ಮೊಬೈಲ್ ಪಾಠ, ಮಂಗಳವಾರದ ಗುಂಪು: ಬೈಬಲ್ ಕಲಿಯಲು ನಾನು ಹಿಡಿದ ಮೂರು ದಾರಿ

ಮೂರು ವರ್ಷದ ಹಿಂದೆ ಒಂದು ಭಾನುವಾರ ಸಂಡೇ ಸ್ಕೂಲಿನ ಮಕ್ಕಳಿಗೆ ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯ ಓದಿಸುತ್ತಿದ್ದೆ. ಏಳನೇ ಕ್ಲಾಸಿನ ಹುಡುಗನೊಬ್ಬ "ಆದಿಯಲ್ಲಿ ವಾಕ್ಯವಿತ್ತು" ಎಂದು ಓದಿ ಅಲ್ಲಿಗೇ ನಿಲ್ಲಿಸಿದ. "ಟೀಚರ್, ವಾಕ್ಯ ಅಂದ್ರೆ ಕರ್ತೃ, ಕರ್ಮ, ಕ್ರಿಯಾಪದ ಇರುವುದಲ್ವಾ? ಅದು ಆದಿಯಲ್ಲಿ ಇದ್ದದ್ದು ಹೇಗೆ?" ತಮಾಷೆಗೆ ಕೇಳಿದ್ದಲ್ಲ. ಆ ವಾರವಷ್ಟೇ ಅವನಿಗೆ ಶಾಲೆಯಲ್ಲಿ ವಾಕ್ಯರಚನೆ ಹೇಳಿಕೊಟ್ಟಿದ್ದರು. ವಾಕ್ಯ ಅಂದರೆ ಇಲ್ಲಿ ಯೇಸುಸ್ವಾಮಿ ಅಂದೆ. ಹಾಗಾದರೆ ಯೇಸು ಅಂತಲೇ ಯಾಕೆ ಬರೆಯಲಿಲ್ಲ ಎಂದು ಕೇಳಿದ. ಮುಂದಿನ ವಾರ ಹೇಳ್ತೇನೆ ಮಗಾ ಅಂದೆ.

ಮುಂದಿನ ವಾರವೂ ಹೇಳಲಾಗಲಿಲ್ಲ. ಚಿಕ್ಕಂದಿನಿಂದ ವಿಶ್ವಾಸಪ್ರಮಾಣ, ಅಂದರೆ ನಾವು ನಂಬುವುದನ್ನು ಸಾಲುಸಾಲಾಗಿ ಹೇಳುವ ಪಾಠ, ಬಾಯಿಪಾಠ ಇದೆ, ಕೀರ್ತನೆಗಳು ಕಂಠಸ್ಥ. ಆದರೆ ನಂಬಿದ್ದನ್ನು ಒಂದು ಮಗುವಿಗೆ ಬಿಡಿಸಿ ಹೇಳುವಷ್ಟು ಕಲಿತಿರಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದೆ, ಇನ್ನು ಸರಿಯಾಗಿ ಕಲಿಯಬೇಕು ಅಂತ.

ಮಂಗಳೂರಿನಲ್ಲಿದ್ದುಕೊಂಡು ಇದಕ್ಕೆ ದಾರಿಯಿಲ್ಲ ಎನ್ನುವ ಹಾಗಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಈ ಊರಿಗೆ ಬಂದು 1847ರಲ್ಲಿ ಸೆಮಿನರಿ, ಅಂದರೆ ಸಭೆಯ ಸೇವೆಗೆ ತರಬೇತಿ ಕೊಡುವ ಶಾಲೆ, ತೆರೆದರು. ಅದರ ಮುಂದುವರಿಕೆಯೇ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು. ಜೆಪ್ಪುವಿನಲ್ಲಿ ಕ್ಯಾಥೊಲಿಕರ ಸಂತ ಜೋಸೆಫರ ಸೆಮಿನರಿ ಉಂಟು, ಅದರ ಹುಟ್ಟು 1879. ಆದರೆ ಅವು ಪೂರ್ತಿ ಸಮಯ ಕೊಟ್ಟು ಸೇವೆಗೆ ಹೊರಡುವವರ ಜಾಗಗಳು. ಬೆಳಿಗ್ಗೆ ಕೆಲಸಕ್ಕೆ ಓಡಿ ಸಂಜೆ ಅಡಿಗೆಗೆ ನಿಲ್ಲುವ ನನ್ನಂಥವರಿಗೆ ಬೇರೆ ದಾರಿ ಬೇಕಿತ್ತು. ಒಂದಾದ ಮೇಲೊಂದರಂತೆ ಮೂರು ಹಿಡಿದೆ.

ಮೊದಲನೆಯದು ಅಂಚೆಯ ಮೂಲಕ ಕಲಿಯುವ ಕೋರ್ಸು. ಪಾಠದ ಪುಸ್ತಕಗಳು ಮನೆಗೆ ಬರುತ್ತವೆ, ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸಬೇಕು. ಪಾಠಗಳ ಸಾಲು ಅಚ್ಚುಕಟ್ಟು: ದೇವರು, ಸೃಷ್ಟಿ, ಮನುಷ್ಯ, ಪಾಪ, ಕ್ರಿಸ್ತ, ರಕ್ಷಣೆ, ಪವಿತ್ರಾತ್ಮ, ಸಭೆ (ಅಂದರೆ ವಿಶ್ವಾಸಿಗಳ ಸಮೂಹ), ಅಂತ್ಯಕಾಲ. ಏಳು ತಿಂಗಳು ನಿಷ್ಠೆಯಿಂದ ಮಾಡಿದೆ. ಅದರಿಂದ ಆದ ಉಪಕಾರ ದೊಡ್ಡದು, ಮರೆಯುವುದಿಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎನ್ನುವ 'ತ್ರಯೇಕತ್ವ' ಎಂಬ ಪದ ಬೈಬಲಿನಲ್ಲಿ ಎಲ್ಲಿಯೂ ಇಲ್ಲ ಎನ್ನುವುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮಗನೂ ಸೃಷ್ಟಿಯಾದವನೇ ಎಂದು ಅಲೆಕ್ಸಾಂಡ್ರಿಯದ ಅರಿಯಸ್ ಬೋಧಿಸಿದ್ದು, ಅದರ ಮೇಲೆ ಸಭೆಗಳಲ್ಲಿ ಎದ್ದ ಜಗಳ, ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ನೈಸಿಯದಲ್ಲಿ ಬಿಷಪರನ್ನು ಸೇರಿಸಿದ್ದು, ಮಗನು ತಂದೆಯ ಜೊತೆ ಒಂದೇ ತತ್ತ್ವದವನು ಎಂದು ಅಲ್ಲಿ ಬರೆದಿಟ್ಟದ್ದು, 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪವಿತ್ರಾತ್ಮನ ಕುರಿತ ಮಾತು ಸೇರಿದ್ದು. ಪ್ರಭುಭೋಜನದ ದಿನ ನಾವು ಎದ್ದು ನಿಂತು ಹೇಳುವ ವಿಶ್ವಾಸಪ್ರಮಾಣದ ಒಂದೊಂದು ಸಾಲಿನ ಹಿಂದೆಯೂ ಇಷ್ಟು ವಾದ ನಡೆದಿದೆ ಎಂದು ತಿಳಿದ ಮೇಲೆ ಆ ಸಾಲುಗಳನ್ನು ಬಡಬಡನೆ ಹೇಳಿ ಮುಗಿಸುವುದು ನನ್ನಿಂದ ಆಗುತ್ತಿಲ್ಲ.

ಕೊರತೆ ಬೇರೆ ಕಡೆ ಇತ್ತು. ಪ್ರತಿ ಬೋಧನೆಯ ಕೆಳಗೆ ಆಧಾರ ವಚನಗಳ ಪಟ್ಟಿ. ಒಂದೊಂದು ಪುಸ್ತಕದಿಂದ ಒಂದೊಂದು ವಚನ ಕಿತ್ತು ಸಾಲಾಗಿ ಜೋಡಿಸಿದ್ದು. ದೇವರ ಚಿತ್ತ ಎಂಬ ಪಾಠದಲ್ಲಿ ಯೆರೆಮೀಯ 29:11 ಇತ್ತು, ಒಳ್ಳೆಯ ಭವಿಷ್ಯ ಕೊಡುವೆನೆಂಬ ವಚನ. ನಮ್ಮ ಮನೆಯ ಕ್ಯಾಲೆಂಡರಿನಲ್ಲೂ ಅದೇ ಇದೆ. ಒಂದು ದಿನ ಪಟ್ಟಿ ಬಿಟ್ಟು ಇಡೀ ಅಧ್ಯಾಯ ಓದಿದೆ. ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಬರೆದ ಕಾಗದ. ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಕಳೆಯಬೇಕು ಎಂದಿದೆ. ಅಲ್ಲಿಯೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಸೆರೆ ಒಯ್ದ ಊರಿನ ಒಳಿತಿಗಾಗಿ ಪ್ರಾರ್ಥಿಸಿ ಎಂದಿದೆ. ಕಾಗದ ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಹಿಂದಿರುಗುವ ದಿನ ಕಾಣುವವರಲ್ಲ. ಕೆಲಸ ಸಿಗುತ್ತದೆ, ವೀಸಾ ಬರುತ್ತದೆ ಎಂದು ನಾವು ಆ ವಚನ ಕಳಿಸಿಕೊಳ್ಳುತ್ತೇವೆ. ಪೂರ್ತಿ ಓದಿದ ಮೇಲೆ ಅದರ ಭಾರವೇ ಬೇರೆ. ಪಟ್ಟಿಯಿಂದ ಕಲಿತಿದ್ದರೆ ಇದು ನನಗೆ ಸಿಗುತ್ತಿರಲಿಲ್ಲ.

ಇನ್ನೊಂದು, ಬರೆದು ಕಳಿಸಿದ ಉತ್ತರಗಳು ವಾಪಸು ಬರಲು ಒಮ್ಮೆ ನಾಲ್ಕು ತಿಂಗಳು ಹಿಡಿಯಿತು. ಬಂದಾಗ ಅಂಚಿನಲ್ಲಿ ಗುರುತುಗಳಿದ್ದವು, ಒಂದು ಮಾತೂ ಇರಲಿಲ್ಲ. ಪಾಪದ ಪಾಠದಲ್ಲಿ ನಾನು ಎರಡು ಪುಟ ಸಂದೇಹ ಬರೆದಿದ್ದೆ. ಅದಕ್ಕೂ ಒಂದು ಸರಿ ಗುರುತು.

ಆಮೇಲೆ ಮೊಬೈಲಿಗೆ ಬಂದೆ. ದಿನಾ ಸುರತ್ಕಲ್‌ನಿಂದ ಹಂಪನಕಟ್ಟೆಗೆ ಬಸ್ಸಿನಲ್ಲಿ ಹೋಗಿ ಬರುವಾಗ ಇಯರ್‌ಫೋನ್ ಕಿವಿಗೆ ಹಾಕಿಕೊಂಡು ಬೈಬಲ್ ಪಾಠದ ವಿಡಿಯೋ ನೋಡುವುದು. ಖರ್ಚಿಲ್ಲ. ನಕಾಶೆಗೆ, ಇತಿಹಾಸಕ್ಕೆ, ಒಂದು ಪುಸ್ತಕದ ಒಟ್ಟು ಕಟ್ಟಡ ಹೇಗಿದೆ ಎಂದು ತಿಳಿಯಲು ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಗಲಿಲಾಯದ ಕೆರೆ ಸಮುದ್ರಮಟ್ಟಕ್ಕಿಂತ ಸುಮಾರು 200 ಮೀಟರ್ ಕೆಳಗಿದೆ, ಸುತ್ತ ಗುಡ್ಡ, ಅದಕ್ಕೇ ಗಾಳಿ ತಟ್ಟನೆ ಇಳಿಯುತ್ತದೆ ಎಂದು ಚಿತ್ರದಲ್ಲಿ ಕಂಡಾಗ ಖುಷಿಯಾಯಿತು.

ಬೋಧನೆಯ ವಿಷಯಕ್ಕೆ ಬಂದಾಗ ಮಾತ್ರ ಕಷ್ಟ. ಒಬ್ಬರು ಅಂತ್ಯಕಾಲದಲ್ಲಿ ಸಭೆಯು ಮೇಘಗಳಲ್ಲಿ ಎತ್ತಲ್ಪಟ್ಟು ಆಮೇಲೆ ಏಳು ವರ್ಷದ ಸಂಕಟ ಎಂದು ಪಟ ಬರೆದು ತೋರಿಸಿದರು. ಇನ್ನೊಬ್ಬರು ಅದೇ 1 ಥೆಸಲೊನೀಕ 4:17 ಹಿಡಿದು ಹಾಗಲ್ಲವೇ ಅಲ್ಲ ಎಂದರು. ಇಬ್ಬರ ದನಿಯಲ್ಲೂ ಒಂದೇ ಖಚಿತತೆ. ಆ ಏಳು ವರ್ಷದ ಪಟ ಒಂದು ವ್ಯವಸ್ಥೆಯಾಗಿ ರೂಪುಗೊಂಡದ್ದು 19ನೇ ಶತಮಾನದಲ್ಲಿ ಬೋಧಕ ಜಾನ್ ನೆಲ್ಸನ್ ಡಾರ್ಬಿಯವರ ಕಾಲದಲ್ಲಿ ಎಂದು ಮೊದಲನೆಯವರು ಹೇಳಲಿಲ್ಲ. ಯಾರು ಯಾವ ಸಭೆಯವರು, ಯಾವ ಪರಂಪರೆಯಲ್ಲಿ ನಿಂತು ಮಾತಾಡುತ್ತಿದ್ದಾರೆ ಎಂದು ಗೊತ್ತಾಗುವಷ್ಟು ಹಿಂದಿನ ಕಲಿಕೆ ಇದ್ದವರಿಗೆ ಮೊಬೈಲು ಸರಿ. ಹೊಸಬರಿಗೆ ಅಲ್ಲ. ಮೇಲಾಗಿ ನಾನು ನೋಡಿದ ಒಳ್ಳೆಯವೆಲ್ಲ ಇಂಗ್ಲಿಷಿನವು. ಆ ಹುಡುಗ ಕೇಳಿದ್ದು ಕನ್ನಡದ ಒಂದು ಪದವನ್ನು.

ಮೂರನೆಯ ದಾರಿ ಕಂಕನಾಡಿಯ ಒಂದು ಮನೆಯ ಚಾವಡಿಯಲ್ಲಿ ಸಿಕ್ಕಿತು. ನಿವೃತ್ತ ನರ್ಸ್ ಅಕ್ಕ ಒಬ್ಬರು ಕರೆದರು: ಮಂಗಳವಾರ ಸಂಜೆ ಆರೂವರೆಗೆ, ಏಳು ಜನ, ಒಂದೇ ಪುಸ್ತಕ. ಮಾರ್ಕನ ಸುವಾರ್ತೆ. ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, 16 ಅಧ್ಯಾಯ. ನಮಗೆ 24 ವಾರ ಹಿಡಿಯಿತು. ಕ್ರಮ ಇಷ್ಟೆ. ಒಬ್ಬರು ಸತ್ಯವೇದ ಎಂದು ಕರೆಯುವ ಹಳೆಯ ಕನ್ನಡ ಅನುವಾದದಿಂದ ಗಟ್ಟಿಯಾಗಿ ಓದುವುದು, ಅದೇ ಭಾಗವನ್ನು ಇನ್ನೊಬ್ಬರು ಸಿ.ಎಲ್. ಎಂದು ಕರೆಯುವ ಸಾಮಾನ್ಯ ಭಾಷೆಯ ಅನುವಾದದಿಂದ ಓದುವುದು, ಆಮೇಲೆ ಪ್ರಶ್ನೆ. ಉತ್ತರ ಗೊತ್ತಿಲ್ಲದಿದ್ದರೆ ಬರೆದಿಟ್ಟು ಮುಂದಿನ ವಾರಕ್ಕೆ.

ಈ ಎರಡು ಅನುವಾದಗಳನ್ನು ಪಕ್ಕಪಕ್ಕ ಇಟ್ಟದ್ದು ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ. ಸಿ.ಎಲ್. ತಂದವರು ಗುಂಪಿನ ಕ್ಯಾಥೊಲಿಕ್ ಗೆಳತಿ, ಮನೆಮಾತು ಕೊಂಕಣಿ. ನನ್ನ ಮನೆಮಾತು ತುಳು. ಇಬ್ಬರಿಗೂ ಬೈಬಲಿನ ಕನ್ನಡ ಕಲಿತು ಬಂದದ್ದು, ಹಾಗಾಗಿ ಒಂದೊಂದು ಪದವೂ ಕಣ್ಣಿಗೆ ಬೀಳುತ್ತದೆ. ಹಳೆಯದರಲ್ಲಿ ಯೆಹೋವ, ಅವರದರಲ್ಲಿ ಸರ್ವೇಶ್ವರ. ನಮ್ಮಲ್ಲಿ ಸುವಾರ್ತೆ, ಅವರಲ್ಲಿ ಶುಭಸಂದೇಶ. ನಮ್ಮಲ್ಲಿ ಯೇಸು 'ಆತನು', ಅವರಲ್ಲಿ ಯೇಸು 'ಅವರು'. ಮೊದಲ ವಾರ ನನಗೆ ಆ ಬಹುವಚನ ಕೇಳಿ ಯೇಸು ದೂರ ಹೋದಂತೆ ಅನ್ನಿಸಿತು, ಗೆಳತಿಗೆ ನಮ್ಮ ಏಕವಚನ ಕೇಳಿ ಒರಟು ಅನ್ನಿಸಿತು. ಅದನ್ನು ಮಾತಾಡುತ್ತ ಇಡೀ ಸಂಜೆ ಹೋಯಿತು. ದೇವರು ಹತ್ತಿರದವನೋ ಎತ್ತರದವರೋ ಎಂಬ ಪ್ರಶ್ನೆಯನ್ನು ಅಂಚೆ ಪಾಠದ ಮೊದಲ ಪುಸ್ತಕದಲ್ಲಿ ಎರಡು ಉದ್ದ ಪದಗಳಲ್ಲಿ ಓದಿದ್ದೆ. ಇಲ್ಲಿ ಅದು ಒಂದು ಸರ್ವನಾಮದಲ್ಲಿ ಕೂತಿತ್ತು.

'ನೀತಿ' ಎಂಬ ಪದವೂ ಹಾಗೆಯೇ. ಕನ್ನಡದ ಕಿವಿಗೆ ನೀತಿ ಅಂದರೆ ನೀತಿಕಥೆ, ನೀತಿಪಾಠ. ಒಳ್ಳೆಯ ನಡತೆ. ಹಾಗಾಗಿ 'ನೀತಿವಂತ' ಎಂದರೆ ಸುಳ್ಳು ಹೇಳದವನು, ಕುಡಿಯದವನು ಎಂದು ನಾವು ಮಕ್ಕಳಿಗೆ ಹೇಳಿಬಿಡುತ್ತೇವೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಹೇಳುವುದು ಅದನ್ನಲ್ಲ. ಸಿ.ಎಲ್.ನಲ್ಲಿ ಆ ಜಾಗದಲ್ಲಿ ದೇವರೊಡನೆ 'ಸತ್ಸಂಬಂಧ' ಎಂದಿದೆ. ಮುರಿದದ್ದು ಸಂಬಂಧ, ಅದನ್ನು ಸರಿಪಡಿಸುವವನು ದೇವರು. ಈ ಒಂದು ಪದ ನೋಡಿದ ಮೇಲೆ ಅಂಚೆ ಪಾಠದ ರಕ್ಷಣೆಯ ಪುಸ್ತಕ ತೆಗೆದು ಮತ್ತೊಮ್ಮೆ ಓದಿದೆ. ಆಗ ಅರ್ಥವಾಯಿತು. ಹಾಗೆಂದು ಹಳೆಯದನ್ನು ಬಿಡುವ ಮಾತಿಲ್ಲ. ಪ್ರಾರ್ಥನೆಗೆ, ಬಾಯಿಪಾಠಕ್ಕೆ, ಗಟ್ಟಿಯಾಗಿ ಓದಲಿಕ್ಕೆ ನನಗೆ ಅದೇ ಬೇಕು. "ಯೆಹೋವನು ನನಗೆ ಕುರುಬನು; ಕೊರತೆಪಡೆನು" ಎಂಬ ಲಯ ನನ್ನ ಅಜ್ಜಿಯ ಬಾಯಿಂದ ಬಂದದ್ದು.

ಮಾರ್ಕನ ನಾಲ್ಕನೇ ಅಧ್ಯಾಯದ ಸಂಜೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜುಲೈ ತಿಂಗಳು, ಹೊರಗೆ ಸುರಿಯುವ ಮಳೆ, ಕರೆಂಟು ಹೋಗಿ ಮೇಣದಬತ್ತಿ ಹಚ್ಚಿದ್ದೆವು. ಬಿರುಗಾಳಿ ಎದ್ದು ದೋಣಿಗೆ ನೀರು ತುಂಬುತ್ತದೆ, ಯೇಸು ಹಿಂಭಾಗದಲ್ಲಿ ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದಾನೆ. ನಮ್ಮ ಗುಂಪಿನಲ್ಲಿ ಮೀನುಗಾರಿಕೆಯ ದಕ್ಕೆಯಲ್ಲಿ ಮೂವತ್ತು ವರ್ಷ ತಾಂಡೇಲರಾಗಿದ್ದ, ಅಂದರೆ ದೋಣಿ ನಡೆಸುತ್ತಿದ್ದ, ಅಂಕಲ್ ಒಬ್ಬರಿದ್ದಾರೆ. ಹೆಚ್ಚು ಮಾತಿಲ್ಲದವರು. ಅವರು ಬೆರಳಿನಿಂದ ಮೇಜಿನ ಮೇಲೆ ದೋಣಿ ಬರೆದು ಹೇಳಿದರು: "ಆ ಗಾಳಿಯಲ್ಲಿ ನಿದ್ದೆ ಬರಬೇಕಾದರೆ ಎಷ್ಟು ದಣಿದು ಬಚ್ಚಿರಬೇಕು ಗೊತ್ತುಂಟಾ? ಎರಡು ರಾತ್ರಿ ಬಲೆ ಎಳೆದವನಿಗೆ ಮಾತ್ರ ಹಾಗೆ ನಿದ್ದೆ ಬರುವುದು. ಮನುಷ್ಯನ ನಿದ್ದೆ ಅದು." ಸ್ವಲ್ಪ ತಡೆದು, "ಎದ್ದು ಗಾಳಿಗೆ ಗದರಿಸಿದ್ದು ಮನುಷ್ಯ ಅಲ್ಲ" ಅಂದರು.

ಅಂಚೆ ಪಾಠದ ಐದನೇ ಪುಸ್ತಕದಲ್ಲಿ 451ರಲ್ಲಿ ಕಾಲ್ಸಿಡೋನ್‌ನಲ್ಲಿ ಬಿಷಪರು ಸೇರಿ ಮಾಡಿದ ನಿರ್ಣಯ ಓದಿದ್ದೆ. ಒಬ್ಬನೇ ಕ್ರಿಸ್ತ, ಎರಡು ಸ್ವಭಾವ, ದೇವರದ್ದೂ ಮನುಷ್ಯರದ್ದೂ. ಕಲಸಿಹೋಗದೆ, ಮಾರ್ಪಡದೆ, ಇಬ್ಭಾಗವಾಗದೆ, ಬೇರ್ಪಡದೆ. ಆ ನಾಲ್ಕು 'ದೆ'ಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಪೂರ್ಣ ಅಂಕ ತೆಗೆದಿದ್ದೆ. ಅವು ಯಾತಕ್ಕೆ ಬೇಕಾದವು ಎಂದು ತಿಳಿದದ್ದು ಆ ಮೇಣದಬತ್ತಿಯ ಬೆಳಕಿನಲ್ಲಿ. ದಣಿದು ಮಲಗಿದವನೂ ಗಾಳಿಗೆ ಗದರಿಸಿದವನೂ ಒಬ್ಬನೇ, ಒಂದೇ ದೋಣಿಯಲ್ಲಿ. ಎರಡರಲ್ಲಿ ಯಾವುದನ್ನು ಬಿಟ್ಟರೂ ಕಥೆ ಮುರಿದುಹೋಗುತ್ತದೆ. ಬಿಡದೆ ಹೇಳಲು ಹೊರಟವರಿಗೆ ಆ ನಾಲ್ಕು ಪದ ಬೇಕಾದವು. ನನಗೆ ಕಣ್ಣು ತುಂಬಿ ಬಂತು.

ಗುಂಪಿನಲ್ಲಿ ಕಷ್ಟವೇ ಇಲ್ಲವೆಂದಲ್ಲ. ಕೆಲವು ಮಂಗಳವಾರ ನಾಲ್ಕೇ ಜನ. ಎರಡು ಸಲ ಮಾತು ಯೇಸುವಿನ ತಾಯಿ ಮರಿಯಮ್ಮನವರ ವಿಷಯಕ್ಕೆ ತಿರುಗಿ ಬಿಸಿಯಾಯಿತು. ಬೈಬಲಿನಲ್ಲಿ ಪ್ರೊಟೆಸ್ಟಂಟರಾದ ನಮಗೆ 66 ಪುಸ್ತಕ, ಕ್ಯಾಥೊಲಿಕ್ ಗೆಳತಿಗೆ 73 ಯಾಕೆ ಎಂಬುದಕ್ಕೆ ಯಾರ ಬಳಿಯೂ ಸರಿಯಾದ ಉತ್ತರವಿರಲಿಲ್ಲ. ಮಾರ್ಕ 16ಕ್ಕೆ ಬಂದಾಗಲೂ ಹಾಗೆಯೇ. ಬಹಳ ಹಳೆಯ ಎರಡು ಹಸ್ತಪ್ರತಿಗಳಲ್ಲಿ, 4ನೇ ಶತಮಾನದ ಸಿನೈಟಿಕಸ್ ಮತ್ತು ವ್ಯಾಟಿಕಾನಸ್‌ಗಳಲ್ಲಿ, ಸುವಾರ್ತೆ ನಮ್ಮಲ್ಲಿರುವ ಹಾಗೆ 20ನೇ ವಚನದವರೆಗೆ ಹೋಗದೆ 8ನೇ ವಚನಕ್ಕೆ, ಹೆಂಗಸರು ಸಮಾಧಿಯಿಂದ ಹೆದರಿ ಓಡಿದಲ್ಲಿಗೆ ಮುಗಿಯುತ್ತದೆ ಎಂದು ಕಾಲೇಜು ಹುಡುಗಿಯೊಬ್ಬಳು ಮೊಬೈಲಿನಿಂದ ಓದಿ ಹೇಳಿದಾಗ ನರ್ಸ್ ಅಕ್ಕ ತುಂಬ ಹೊತ್ತು ಸುಮ್ಮನೆ ಕೂತರು. ಅಂಥ ಕಡೆ ಕಲಿತವರು ಬೇಕೇ ಬೇಕು. ನಮ್ಮ ಸಭಾಪಾಲಕರು ಎರಡು ಮಂಗಳವಾರ ಬಂದು ಎರಡನ್ನೂ ತಾಳ್ಮೆಯಿಂದ ಬಿಡಿಸಿದರು.

ನನ್ನನ್ನು ಕೇಳಿದರೆ: ಹೊಸದಾಗಿ ಹೊರಡುವವರು ಗುಂಪಿನಲ್ಲಿ ಮಾರ್ಕನಿಂದ ಆರಂಭಿಸಿ, ಎರಡು ಕನ್ನಡ ಅನುವಾದ ಇಟ್ಟುಕೊಂಡು. ಅಂಚೆ ಕೋರ್ಸನ್ನು ಆಮೇಲೆ ಮಾಡಿ, ಅಥವಾ ಜೊತೆಜೊತೆಗೆ; ನನ್ನ ಹಾಗೆ ಮೊದಲು ಮಾಡಬೇಡಿ. ಮೊಬೈಲನ್ನು ನಕಾಶೆಗೆ ಇಟ್ಟುಕೊಳ್ಳಿ. ಮನೆಯಿಂದ ಹೊರಡಲಾಗದವರಿಗೆ, ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಮಾತ್ರ ಅಂಚೆ ಪಾಠವೇ ಮೊದಲು ಸರಿ, ಆದರೆ ಪಟ್ಟಿಯ ಪ್ರತಿ ವಚನಕ್ಕೂ ಅದರ ಇಡೀ ಅಧ್ಯಾಯ ಓದಿ.

ಆ ಹುಡುಗ ಈಗ ಹತ್ತನೇ ಕ್ಲಾಸು. ಕಳೆದ ತಿಂಗಳು ಅವನ ಮುಂದೆ ಎರಡೂ ಬೈಬಲ್ ತೆರೆದಿಟ್ಟೆ. ಒಂದರಲ್ಲಿ 'ವಾಕ್ಯ', ಇನ್ನೊಂದರಲ್ಲಿ 'ದಿವ್ಯವಾಣಿ'. ಮೂಲದ ಗ್ರೀಕ್ ಪದ ಲೋಗೊಸ್, ಅದಕ್ಕೆ ಮಾತು ಎಂದೂ ಅರ್ಥ, ಮಾತಿನ ಹಿಂದಿನ ಅರಿವು ಎಂದೂ ಅರ್ಥ ಅಂದೆ. ಆದಿಕಾಂಡದಲ್ಲಿ ದೇವರು ಲೋಕವನ್ನು ಉಂಟುಮಾಡಿದ್ದು ಹೇಗೆ ಎಂದು ಕೇಳಿದೆ. "ಮಾತಿನಿಂದ" ಅಂದ. ಆಮೇಲೆ ಯೋಹಾನ ಒಂದನ್ನು ಮೊದಲಿನಿಂದ ಅವನೇ ಓದಿದ, ಆ ವಾಕ್ಯ ಮನುಷ್ಯನಾದ ಎನ್ನುವ 14ನೇ ವಚನದವರೆಗೆ, ಎಲ್ಲಿಯೂ ನಿಲ್ಲಿಸದೆ.