ಬ್ರೇವ್ ಬ್ರೌಸರ್‌ನ ಬ್ಯಾಟ್ ಟಿಪ್: ಕೊಡೋದು ಸುಲಭ, ತಲುಪೋದು ಕಷ್ಟ

ಯೂಟ್ಯೂಬ್, ಟ್ವಿಚ್ ಚಾನೆಲ್‌ಗಳಿಗೆ ಬ್ಯಾಟ್ ಎಂಬ ಕ್ರಿಪ್ಟೊ ಕಾಯಿನ್‌ನಲ್ಲಿ ಟಿಪ್ ಕೊಡಲು ಬ್ರೇವ್ ಬ್ರೌಸರ್‌ನ ದಾರಿ ಸಲೀಸು. ಚಾನೆಲ್ ಪುಟ ತೆರೆದು, ಮೇಲಿನ ವಿಳಾಸದ ಪಕ್ಕದ ತ್ರಿಕೋನದ ಐಕಾನ್ ಒತ್ತಿ. ಹೆಸರಿನ ಜೊತೆ ವೆರಿಫೈಡ್ ಗುರುತು ಇದ್ದರಷ್ಟೇ ಮುಂದುವರಿಯಿರಿ. 2018ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಯೂಟ್ಯೂಬರ್ ಟಾಮ್ ಸ್ಕಾಟ್, ತಾವು ಬ್ರೇವ್‌ಗೆ ಸೇರದಿದ್ದರೂ ಅದು ತಮ್ಮ ಹೆಸರಲ್ಲಿ ಟಿಪ್ ಕೇಳುತ್ತಿದೆ ಎಂದು ದೂರಿದರು. ಆಮೇಲೆ ಬ್ರೇವ್ ಆ ಪದ್ಧತಿ ಬದಲಿಸಿತು. ಬದಲಿಸಲೇಬೇಕಿತ್ತು.

ಬ್ರೇವ್‌ನ ಕಮಿಷನ್ 5%: 20 ಬ್ಯಾಟ್ ಕೊಟ್ಟರೆ ಕೈಸೇರೋದು 19. ಬ್ಯಾಟ್ ಓಡಾಡುವ ಇಥೀರಿಯಮ್ ಜಾಲದ ವಾಲೆಟ್‌ನಿಂದ (ಕ್ರಿಪ್ಟೊ ಇಡುವ ಖಾತೆ) ನೇರವಾಗಿ ಕಳಿಸಿದರೆ, ಆ ಜಾಲದ ವಹಿವಾಟಿಗೆ ಕೊಡುವ ಗ್ಯಾಸ್ ಶುಲ್ಕವೇ ಸಣ್ಣ ಟಿಪ್ಪನ್ನು ನುಂಗಿಬಿಡಬಹುದು, ಹಾಗಾಗಿ ಈ 5% ದುಬಾರಿಯಲ್ಲ.

ತೊಡಕಿರೋದು ವಾಲೆಟ್‌ನಲ್ಲಿ. ಕೊಡುವವರ ಖಾತೆ ಒಂದು ವಾಲೆಟ್ ಕಂಪನಿಯಲ್ಲಿ, ಕ್ರಿಯೇಟರ್ ಖಾತೆ ಇನ್ನೊಂದರಲ್ಲಿ ಇದ್ದರೆ ಟಿಪ್ ಹೋಗುವುದೇ ಇಲ್ಲ. ನೋಡುಗರಿಗೆ ಇದು ನಿಜಕ್ಕೂ ಬೇಸರದ ಸಂಗತಿ. ಕ್ರಿಯೇಟರ್‌ಗಳು ಯಾವ ವಾಲೆಟ್ ಎಂದು ಡಿಸ್ಕ್ರಿಪ್ಷನ್‌ನಲ್ಲೇ ಬರೆದರೆ ಉಪಕಾರ.

ಭಾರತದಲ್ಲಿ ಬ್ಯಾಟ್ ಮಾರಿದ ಲಾಭಕ್ಕೆ 30% ತೆರಿಗೆ, ಮೇಲೆ ಸೆಸ್. 2022ರ ಜುಲೈಯಿಂದ 1% ಟಿಡಿಎಸ್ ಕೂಡ ಇದೆ. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಟಿಪ್ ಬಂದ ದಿನದ ರೂಪಾಯಿ ಬೆಲೆಯನ್ನು ಅಂದೇ ಬರೆದಿಡಿ.