‘ಟ್ಯಾಪೆಟ್ ಸೌಂಡ್ ಅಷ್ಟೇ, ಓಡಿಸಿ’ ಅಂದ ಮಾತಿಗೆ ಇಂಜಿನ್ನೇ ಹೋಯಿತು

ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಯಾವ ಸದ್ದೂ ಇಲ್ಲ. ಅರ್ಧ ಗಂಟೆ ಓಡಿ ಇಂಜಿನ್ ಚೆನ್ನಾಗಿ ಕಾದ ಮೇಲೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕ್ಷಣಕ್ಕೆ ಸರಿಯಾಗಿ ಕೆಳಗಿನಿಂದ ‘ಟೊಕ್ ಟೊಕ್ ಟೊಕ್’ ಎಂದು ನಾಲ್ಕಾರು ಪೆಟ್ಟು. ಗ್ಯಾರೇಜಿನವರು ಬಾನೆಟ್ ಎತ್ತಿ, ತಣ್ಣಗಾಗಿದ್ದ ಇಂಜಿನ್ನನ್ನು ಐಡ್ಲಿಂಗ್‌ನಲ್ಲಿ ಬಿಟ್ಟು ಹತ್ತು ಸೆಕೆಂಡ್ ಕೇಳಿ, ‘ಟ್ಯಾಪೆಟ್ ಸೌಂಡ್, ಏನೂ ಆಗಲ್ಲ, ಸ್ವಲ್ಪ ದಪ್ಪ ಆಯಿಲ್ ಹಾಕಿದರೆ ಹೋಗುತ್ತೆ’ ಅಂದರು. ತೆಳ್ಳನೆಯ 5ಡಬ್ಲ್ಯೂ-30 ಆಯಿಲ್ ಇದ್ದ ಜಾಗಕ್ಕೆ ದಪ್ಪನೆಯ 20ಡಬ್ಲ್ಯೂ-50 ಬಿತ್ತು. ಹಳೆಯ ಆಯಿಲ್ ಎಷ್ಟು ಇಳಿಯಿತೆಂದು ಯಾರೂ ಅಳೆಯಲಿಲ್ಲ. ಫಿಲ್ಟರ್ ನೇರ ಕಸದ ಡಬ್ಬಕ್ಕೆ ಹೋಯಿತು. ಸದ್ದು ನಿಂತಿತು, ಓನರ್ ನಂಬಿದರು. ಎರಡು ವಾರ ಕಳೆದು ಹೆದ್ದಾರಿಯಲ್ಲಿ, ಪಿಸ್ಟನ್ನನ್ನು ಕ್ರ್ಯಾಂಕ್ ಎಂಬ ತಿರುಗುವ ದಂಡಕ್ಕೆ ಸೇರಿಸುವ ಕನೆಕ್ಟಿಂಗ್ ರಾಡ್ ಮುರಿದು ಇಂಜಿನ್ ಬ್ಲಾಕನ್ನು ತೂತು ಮಾಡಿಕೊಂಡು ಹೊರಬಂತು. ಆ ಇಂಜಿನ್ ಈಗ ಗುಜರಿ.

ಇದು ಅಪರೂಪದ ಸಂಗತಿಯಲ್ಲ. ‘ಟ್ಯಾಪೆಟ್’ (ಇಂಜಿನ್ನಿನ ವಾಲ್ವ್‌ಗಳನ್ನು ಒತ್ತುವ ಭಾಗ) ಎಂಬ ಒಂದೇ ಪದ ಎಷ್ಟೋ ಇಂಜಿನ್‌ಗಳನ್ನು ತಿಂದಿದೆ. ಬರೆಯುತ್ತಿರುವುದು ಅದಕ್ಕೇ.

ಮೊದಲ ತಪ್ಪು, ಕಾದಾಗ ಬರುವ ಸದ್ದನ್ನು ತಣ್ಣಗಿರುವಾಗ ಕೇಳಿದ್ದು. ತಣ್ಣಗಿರುವಾಗ ಆಯಿಲ್ ಮಂದವಾಗಿರುತ್ತದೆ. ಕನೆಕ್ಟಿಂಗ್ ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರಬೇಕಾದ ಸಂದು ಹೆಚ್ಚೆಂದರೆ 0.02ರಿಂದ 0.06 ಮಿಲಿಮೀಟರ್, ಅಂದರೆ ಕೂದಲೆಳೆಗಿಂತ ಕಡಿಮೆ. ಬೇರಿಂಗ್ ಸವೆದು ಆ ಸಂದು ದೊಡ್ಡದಾದಾಗ ಮಂದ ಆಯಿಲ್ ಅದರಲ್ಲಿ ದಿಂಬಿನಂತೆ ಕೂತು ಪೆಟ್ಟನ್ನು ನುಂಗುತ್ತದೆ. ಕಾದು ತೆಳ್ಳಗಾದ ಮೇಲೆ ಲೋಹಕ್ಕೆ ಲೋಹ ಬಡಿಯುತ್ತದೆ. ದಪ್ಪ ಆಯಿಲ್ ಹಾಕಿದಾಗ ಸದ್ದು ಅಡಗಿದ್ದೂ ಇದೇ ಕಾರಣಕ್ಕೆ. ಬೇರಿಂಗ್ ಸರಿಹೋಗಲಿಲ್ಲ, ಅದರ ಬಾಯಿಗೆ ಬಟ್ಟೆ ತುರುಕಿದಂತಾಯಿತು. ದಪ್ಪ ಆಯಿಲ್ ಹರಿಯುವುದೂ ಕಡಿಮೆ. ಬೇರಿಂಗಿನ ಬಿಸಿಯನ್ನು ಹೊತ್ತೊಯ್ಯುವುದು ಹರಿವ ಆಯಿಲ್ಲೇ ಆದ್ದರಿಂದ, ಮೊದಲೇ ಸವೆದ ಬೇರಿಂಗ್ ಇನ್ನಷ್ಟು ಕಾಯುತ್ತದೆ. ಬೆಳಗಿನ ಸ್ಟಾರ್ಟ್‌ನಲ್ಲಿ ಆಯಿಲ್ ಅಲ್ಲಿಗೆ ತಲುಪುವುದಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ‘ಇಂಜಿನ್ ಸೌಂಡ್ ನಿಲ್ಲಿಸುತ್ತದೆ’ ಎಂದು ಬಾಟಲಿಯಲ್ಲಿ ಮಾರುವ ಅಂಟುಅಂಟಾದ ಅಡಿಟಿವ್‌ಗಳಿಗೂ ಇದೇ ಮಾತು.

ಟ್ಯಾಪೆಟ್ಟನ್ನೂ ಬೇರಿಂಗನ್ನೂ ಬೇರೆ ಮಾಡಿ ಗುರುತಿಸುವುದು ಕಷ್ಟವಲ್ಲ. ಟ್ಯಾಪೆಟ್ಟಿನದು ಮೇಲಿನಿಂದ, ವಾಲ್ವ್ ಕವರ್ ಕಡೆಯಿಂದ ಬರುವ ತೆಳುವಾದ ‘ಟಿಕ್‌ಟಿಕ್’, ಹೊಲಿಗೆ ಯಂತ್ರದ ಹಾಗೆ. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ 800 ಆರ್‌ಪಿಎಂ (ನಿಮಿಷಕ್ಕೆ 800 ಸುತ್ತು) ಐಡ್ಲಿಂಗ್‌ನಲ್ಲಿ ಒಂದು ವಾಲ್ವಿನ ಟಿಕ್ ಸೆಕೆಂಡಿಗೆ ಆರೇಳು ಸಲ ಮಾತ್ರ ಕೇಳಿಸುತ್ತದೆ. ಬೇರಿಂಗಿನದು ಕೆಳಗಿನ, ಗಡುಸಾದ ‘ಟೊಕ್‌ಟೊಕ್’, ಮರದ ಸುತ್ತಿಗೆಯಲ್ಲಿ ಒಳಗಿನಿಂದ ಕುಟ್ಟಿದ ಹಾಗೆ, ಕ್ರ್ಯಾಂಕಿನ ಪೂರ್ತಿ ವೇಗದಲ್ಲಿ. ಅದನ್ನು ಕೇಳಬೇಕಾದರೆ ಇಂಜಿನ್ ಪೂರ್ತಿ ಕಾದಿರಬೇಕು. ನ್ಯೂಟ್ರಲ್‌ನಲ್ಲಿ ನಿಧಾನವಾಗಿ 2,000–2,500 ಆರ್‌ಪಿಎಂಗೆ ಏರಿಸಿ, ಸ್ವಲ್ಪ ಹೊತ್ತು ಹಿಡಿದು, ಪೆಡಲ್ ತಟ್ಟನೆ ಬಿಡಿ. ರಾಡಿನ ಮೇಲಿನ ಒತ್ತಡ ಒಂದು ಕಡೆಯಿಂದ ಇನ್ನೊಂದಕ್ಕೆ ಬದಲಾಗುವುದು ಆ ಕ್ಷಣದಲ್ಲೇ, ಸಡಿಲ ಬೇರಿಂಗ್ ಕೂಗುವುದೂ ಆಗಲೇ. ಸದ್ದು ಈಗಾಗಲೇ ಜೋರಾಗಿದ್ದರೆ ಈ ಪರೀಕ್ಷೆ ಬೇಡ, ಉಳಿದಿರುವುದೂ ಹೋದೀತು.

ಹೈಡ್ರಾಲಿಕ್ ಟ್ಯಾಪೆಟ್ ಇರುವ ಇಂಜಿನ್ನು ಬಹಳ ದಿನ ನಿಂತಿದ್ದು ಸ್ಟಾರ್ಟ್ ಆದಾಗ ಕೆಲವು ಸೆಕೆಂಡ್ ಟಿಕ್ ಎನ್ನುವುದು ಸಹಜ. ಒಳಗಿನ ಆಯಿಲ್ ಇಳಿದಿರುತ್ತದೆ, ತುಂಬಿಕೊಂಡ ಕೂಡಲೇ ಸುಮ್ಮನಾಗುತ್ತದೆ. ಸಿಲಿಂಡರಿನೊಳಕ್ಕೇ ಪೆಟ್ರೋಲ್ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ಗಳಲ್ಲಿ ಇಂಜೆಕ್ಟರ್ ಚಿಟಚಿಟ ಎನ್ನುವುದೂ ಅದರ ಗುಣವೇ.

ಯಾವುದೇ ಹೊಸ ಸದ್ದಿಗೆ ಮೊದಲ ಕೆಲಸ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ತೋರಿಸುವ ಕಡ್ಡಿ, ನೋಡುವುದು. ಸಮತಟ್ಟಾದ ಜಾಗ, ಇಂಜಿನ್ ಆಫ್ ಮಾಡಿ ಐದರಿಂದ ಹತ್ತು ನಿಮಿಷ, ಒರೆಸಿ ಮತ್ತೆ ಅದ್ದಿ ನೋಡಿ. ಬಹಳಷ್ಟು ಕಾರುಗಳಲ್ಲಿ ಮಿನ್ ಗೆರೆಯಿಂದ ಮ್ಯಾಕ್ಸ್ ಗೆರೆಗೆ ಸುಮಾರು ಒಂದು ಲೀಟರ್. ‘ಆಯಿಲ್ ಲೈಟ್ ಹತ್ತಿಲ್ಲವಲ್ಲ’ ಎಂದು ಸಮಾಧಾನ ಪಟ್ಟುಕೊಳ್ಳುವವರು ಬಹಳ. ಆ ಕೆಂಪು ದೀಪ ಆಯಿಲ್ ಮಟ್ಟ ತೋರಿಸುವುದಲ್ಲ, ಒತ್ತಡ ತೋರಿಸುವುದು. ಅದೂ ಸಾಮಾನ್ಯವಾಗಿ ಒತ್ತಡ 0.3ರಿಂದ 0.5 ಬಾರ್‌ಗೆ ಕುಸಿದ ಮೇಲೆ ಹತ್ತುತ್ತದೆ. ಹೆದ್ದಾರಿ ವೇಗಕ್ಕೆ ಅಷ್ಟು ಒತ್ತಡ ಏನೇನೂ ಸಾಲದು. ಸಂಶಯವಿದ್ದರೆ ಪ್ರೆಷರ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕಿಸಿ, ಕಾದ ಇಂಜಿನ್ನಿನಲ್ಲಿ ಐಡ್ಲಿಂಗ್‌ಗೂ 3,000 ಆರ್‌ಪಿಎಂಗೂ ಎಷ್ಟು ಬರುತ್ತದೆ ಎಂದು ಬರೆದುಕೊಂಡು ಸರ್ವಿಸ್ ಮ್ಯಾನುಯಲ್ಲಿನ ಅಂಕಿಗೆ ಹೋಲಿಸಿ. 1,000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ (0.7 ಬಾರ್) ಎಂಬುದು ಹಳೆಯ ಅಂದಾಜು, ಮ್ಯಾನುಯಲ್ ಸಿಗದಾಗ ಮಾತ್ರ ಬಳಸಿ.

ಎರಡನೆಯ ಕೆಲಸ ಹಳೆಯ ಫಿಲ್ಟರ್ ಕತ್ತರಿಸಿ ನೋಡುವುದು. ಆ ಕಾರನ್ನು ಉಳಿಸಬಹುದಾಗಿದ್ದ ಕೆಲಸ ಇದೇ. ಹ್ಯಾಕ್ಸಾ ಬೇಡ, ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಫಿಲ್ಟರ್ ಕಟ್ಟರಿನಿಂದ ತಗಡನ್ನು ಸುತ್ತ ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ ಹಿಂಡಿ ಬಿಸಿಲಿಗೆ ಹಿಡಿಯಿರಿ. ಒಂದೆರಡು ಮಿಣುಕು ಚುಕ್ಕೆ ಇದ್ದರೆ ಗಾಬರಿ ಬೇಡ. ಕಾಗದದ ಮಡಿಕೆಗಳಲ್ಲಿ ಜರಿ ಉದುರಿದ ಹಾಗೆ ಹೊಳೆದರೆ ಒಳಗೆ ಯಾವುದೋ ಭಾಗ ಪುಡಿಯಾಗುತ್ತಿದೆ ಎಂದೇ ಅರ್ಥ. ಒಂದು ಮ್ಯಾಗ್ನೆಟ್ ಆಡಿಸಿ. ಅಂಟಿದರೆ ಉಕ್ಕು: ಕ್ಯಾಮ್, ಚೈನ್, ಆಯಿಲ್ ಪಂಪ್ ಇಂಥವು. ಅಂಟದ ಬೆಳ್ಳಿ ಬಣ್ಣ ಅಲ್ಯೂಮಿನಿಯಂ ಅಥವಾ ಬೇರಿಂಗಿನ ಮೇಲ್ಪದರ. ತಾಮ್ರದ ಬಣ್ಣ ಕಂಡರೆ ಮೇಲ್ಪದರ ಸವೆದು ಒಳಗಿನದು ಬಯಲಾಗಿದೆ ಎಂದು ಅನುಮಾನಿಸಬೇಕು. ಆಮೇಲೆ ಗಾಡಿ ಒಂದು ಕಿಲೋಮೀಟರ್ ಕೂಡ ಓಡಬಾರದು.

ಮೂರನೆಯ ಕೆಲಸ, ಕುಟ್ಟು ಯಾವ ಸಿಲಿಂಡರಿನದು ಎಂದು ಹಿಡಿಯುವುದು. ಸಿಲಿಂಡರಿಗೆ ಗಾಳಿ ಹೋಗುವ ದಾರಿಯಲ್ಲಿ ಪೆಟ್ರೋಲ್ ಚಿಮ್ಮಿಸುವ ಮಾಮೂಲಿ ಪೋರ್ಟ್ ಇಂಜೆಕ್ಷನ್ ಇಂಜಿನ್ ಆದರೆ ಇಂಜಿನ್ ಆಫ್ ಮಾಡಿ, ಒಂದು ಇಂಜೆಕ್ಟರಿನ ಕನೆಕ್ಟರ್ ಕಳಚಿ, ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಕೇಳಿ. ಮತ್ತೆ ಆಫ್ ಮಾಡಿ, ಸಿಕ್ಕಿಸಿ, ಮುಂದಿನದಕ್ಕೆ ಹೋಗಿ. ಇಂಜೆಕ್ಟರಿನ ಬದಲು ಕಿಡಿ ಕೊಡುವ ಕಾಯಿಲ್ ಕಳಚುವ ಅಭ್ಯಾಸ ಬಿಡಿ. ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ಒಂದು ಸಿಲಿಂಡರ್ ನಿಲ್ಲಿಸಿದಾಗ ಕುಟ್ಟು ಗಮನಕ್ಕೆ ಬರುವಷ್ಟು ಕುಗ್ಗಿದರೆ ಅದೇ ಸಿಲಿಂಡರಿನ ಬಿಗ್ ಎಂಡ್. ಪಿಸ್ಟನ್ ಪಿನ್ ಸಡಿಲವಾಗಿದ್ದರೂ ಸದ್ದು ಬದಲಾಗುತ್ತದೆ, ಕೆಲವೊಮ್ಮೆ ಒಂದಿದ್ದದ್ದು ಜೋಡಿ ಪೆಟ್ಟಾಗುತ್ತದೆ. ಯಾವುದನ್ನು ನಿಲ್ಲಿಸಿದರೂ ಸದ್ದು ಹಾಗೇ ಇದ್ದರೆ ಟ್ಯಾಪೆಟ್, ಚೈನ್, ಬೆಲ್ಟ್ ಕಡೆಯ ಯಂತ್ರಗಳತ್ತ ನೋಡಿ. ಚೆಕ್ ಇಂಜಿನ್ ಲೈಟ್ ಹತ್ತುತ್ತದೆ, ಆಮೇಲೆ ಸ್ಕ್ಯಾನರಿನಲ್ಲಿ ಅಳಿಸಬಹುದು. ಕಾಮನ್ ರೈಲ್ ಡೀಸೆಲ್ ಇಂಜಿನ್ನಿನಲ್ಲಿ ಇದಕ್ಕೆ ಕೈ ಹಾಕಲೇಬೇಡಿ. ಹಳೆಯ ಡೀಸೆಲ್‌ನ ಹಾಗೆ ಪೈಪಿನ ನಟ್ ಸಡಿಲಿಸಿದರೆ ಸಾವಿರಕ್ಕೂ ಮೀರಿದ ಬಾರ್ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ನುಗ್ಗುತ್ತದೆ. ಕಾಮನ್ ರೈಲ್‌ಗಾಗಲಿ, ಪೆಟ್ರೋಲ್ ಡೈರೆಕ್ಟ್ ಇಂಜೆಕ್ಷನ್‌ಗಾಗಲಿ ಸಿಲಿಂಡರುಗಳನ್ನು ಸ್ಕ್ಯಾನರಿನಿಂದಲೇ ಒಂದೊಂದಾಗಿ ನಿಲ್ಲಿಸಬೇಕು.

ಇದರ ಉಲ್ಟಾ ಮೋಸವೂ ಇದೆ: ಬೇರಿಂಗ್ ಸರಿಯಿದ್ದರೂ ಇಂಜಿನ್ ಬಿಚ್ಚಿಸುವುದು. ಆಟೋಮ್ಯಾಟಿಕ್ ಗಾಡಿಯಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಫ್ಲೆಕ್ಸ್ ಪ್ಲೇಟ್ ಬಿರುಕು ಬಿಟ್ಟರೆ ಅಥವಾ ಅದಕ್ಕೆ ಬಿಗಿದ ಟಾರ್ಕ್ ಕನ್ವರ್ಟರಿನ ಬೋಲ್ಟ್ ಸಡಿಲವಾದರೆ ಬರುವ ಸದ್ದು ಬಿಗ್ ಎಂಡ್ ಕುಟ್ಟಿನ ತದ್ರೂಪು. ಇಂಜಿನ್ ಇಳಿಸುವ ಮುಂಚೆ ಕೆಳಗಿನ ಸಣ್ಣ ಕವರ್ ತೆಗೆದು ಆ ಬೋಲ್ಟ್‌ಗಳನ್ನು ನೋಡಲೇಬೇಕು. ಇಂಜಿನ್ ತಣ್ಣಗಿರುವಾಗ ಟೊಳ್ಳಾಗಿ ಬಡಿದು ಕಾದ ಮೇಲೆ ಇಲ್ಲವಾದರೆ ಪಿಸ್ಟನ್ ಸ್ಲ್ಯಾಪ್. ಪಿಸ್ಟನ್ ಹಿಗ್ಗಿದ ಮೇಲೆ ಸಂದು ಮುಚ್ಚುತ್ತದೆ, ಆಯಿಲ್ ತಿನ್ನದಿದ್ದರೆ ವರ್ಷಗಟ್ಟಲೆ ಓಡುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೋರಿದರೂ ಥೇಟ್ ಟ್ಯಾಪೆಟ್ಟಿನ ಟಿಕ್ಕೇ. ತಣ್ಣಗಿರುವಾಗ ಜೋರು, ಕಾದಂತೆ ಕಡಿಮೆ. ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿಯ ಗೆರೆ ಹುಡುಕಿ, ಸ್ಟಡ್ ಮುರಿದಿದೆಯೇ ಬೆರಳಾಡಿಸಿ ನೋಡಿ.

ಏರು ಹತ್ತುವಾಗ, ಮೇಲಿನ ಗೇರಿನಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಪೆಡಲ್ ಒತ್ತಿದಾಗ ಡಬ್ಬದಲ್ಲಿ ಹರಳು ಕುಲುಕಿದಂತೆ ‘ಕಿಲಕಿಲ’ ಬಂದರೆ ಅದು ಇಂಧನ ಹೊತ್ತಲ್ಲದ ಹೊತ್ತಲ್ಲಿ ಹೊತ್ತಿಕೊಳ್ಳುವ ಸದ್ದು. ಗೇರ್ ಇಳಿಸಿ, ಪೆಡಲ್ ಸಡಿಲಿಸಿದರೆ ನಿಲ್ಲಬೇಕು. ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಆಕ್ಟೇನ್ ಪೆಟ್ರೋಲ್, ಪಿಸ್ಟನ್ ತಲೆ ಮೇಲಿನ ಕಾರ್ಬನ್, ಅತಿಯಾಗಿ ಕಾದ ಇಂಜಿನ್, ಈ ಸದ್ದನ್ನು ಗುರುತಿಸುವ ನಾಕ್ ಸೆನ್ಸರ್ ಕೆಟ್ಟಿರುವುದು ಇವು ಕಾರಣಗಳು. ಟರ್ಬೊ ಪೆಟ್ರೋಲ್ ಇಂಜಿನ್ನಿನಲ್ಲಿ ಇದನ್ನು ಅಲಕ್ಷ್ಯ ಮಾಡಿದರೆ ಪಿಸ್ಟನ್ ಒಡೆಯುತ್ತದೆ. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯ ಆಯಿಲ್‌ಗೆ, ಕಡಿಮೆ ಆರ್‌ಪಿಎಂನಲ್ಲಿ ಇಂಧನ ಮೊದಲೇ ಹೊತ್ತಿಕೊಳ್ಳುವುದರ ಪರೀಕ್ಷೆಯೂ ಸೇರಿದೆ, ಅಂಥ ಇಂಜಿನ್ನಿಗೆ ಹಳೆಯ ದರ್ಜೆ ಹಾಕಿಸಬೇಡಿ.

ಟ್ಯಾಪೆಟ್ ಎಂದು ತಳ್ಳಿಹಾಕುವ ಇನ್ನೊಂದು ಅಪಾಯ, ಕ್ರ್ಯಾಂಕಿನಿಂದ ಕ್ಯಾಮ್‌ಶಾಫ್ಟನ್ನು ತಿರುಗಿಸುವ ಟೈಮಿಂಗ್ ಚೈನ್. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ‘ಗರಗರ’ ಎಂದು ಸರಪಳಿ ಎಳೆದಾಡಿದಂತೆ ಕೇಳಿ ನಿಂತುಹೋಗುತ್ತದೆ. ಕಳಪೆ ಫಿಲ್ಟರಿನ ಒಳಗಿನ ರಬ್ಬರ್ ವಾಲ್ವ್ ಆಯಿಲ್ ತಡೆಹಿಡಿಯದಿದ್ದರೂ ಹೀಗಾಗುತ್ತದೆ. ಮೊದಲು ಒಳ್ಳೆಯ ಫಿಲ್ಟರ್ ಹಾಕಿ ನೋಡಿ, ಆದರೂ ದಿನದಿಂದ ದಿನಕ್ಕೆ ಹೊತ್ತು ಹೆಚ್ಚಿದರೆ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಅಥವಾ ಚೈನೇ ಹೋಗಿದೆ. ಸ್ಕ್ಯಾನರಿನಲ್ಲಿ ಪಿ0016 ಎಂಬ ದೋಷದ ಕೋಡ್ ಬಂದರೆ ಕ್ರ್ಯಾಂಕಿಗೂ ಕ್ಯಾಮಿಗೂ ತಾಳ ತಪ್ಪಿದೆ. ಹಲ್ಲು ಜಾರಿತೆಂದರೆ ಬಹುತೇಕ ಇಂದಿನ ಇಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ.

ಬೆಲ್ಟ್ ಸದ್ದು ಇಷ್ಟು ಭಯಂಕರವಲ್ಲ. ನೀರಿನ ಸ್ಪ್ರೇ ಬಾಟಲಿಯಿಂದ ಓಡುತ್ತಿರುವ ಬೆಲ್ಟಿನ ಗೀರುಗಳಿರುವ ಕಡೆಗೆ ಒಂದು ಸಲ ಹಾರಿಸಿ. ‘ಚಿಕ್‌ಚಿಕ್’ ನಿಂತು ಮತ್ತೆ ಶುರುವಾದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ‘ಕೀಂಚ್’ ಇನ್ನೂ ಜೋರಾದರೆ ಬೆಲ್ಟ್ ಸಡಿಲ. ಪುಲ್ಲಿ ಬೇರಿಂಗಿನ ಗೊರಗೊರ ಆದರೆ ಬೆಲ್ಟ್ ಕಳಚಿ, ತಣ್ಣನೆ ಇಂಜಿನ್ನನ್ನು ಅರ್ಧ ನಿಮಿಷ ಮಾತ್ರ ಓಡಿಸಿ. ಸದ್ದು ಇಲ್ಲವಾದರೆ ಆಲ್ಟರ್ನೇಟರ್, ವಾಟರ್ ಪಂಪ್, ಐಡ್ಲರ್ ಪುಲ್ಲಿಗಳನ್ನು ಕೈಯಲ್ಲಿ ತಿರುಗಿಸಿ ನೋಡಿ. ಉದ್ದನೆಯ ಸ್ಕ್ರೂಡ್ರೈವರ್ ಇಟ್ಟು ಕಿವಿ ಹಚ್ಚುವವರು ತಲೆಗೂದಲು, ದುಪಟ್ಟಾ, ಸಡಿಲ ತೋಳು ಜೋಪಾನ ಮಾಡಿಕೊಳ್ಳಿ. ರೇಡಿಯೇಟರ್ ಫ್ಯಾನ್ ಯಾವ ಸೂಚನೆಯೂ ಇಲ್ಲದೆ ತಿರುಗತೊಡಗುತ್ತದೆ. ಇವೆಲ್ಲ ಬಯಲಿನಲ್ಲೇ ಆಗಬೇಕು, ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ.

ಗ್ಯಾರೇಜಿಗೆ ಹೋಗುವಾಗ ‘ಏನೋ ಸೌಂಡ್ ಬರ್ತಿದೆ’ ಎನ್ನಬೇಡಿ. ತಣ್ಣಗೋ ಕಾದೋ, ಎಷ್ಟು ಆರ್‌ಪಿಎಂ, ಪೆಡಲ್ ಒತ್ತಿದಾಗಲೋ ಬಿಟ್ಟಾಗಲೋ, ಕ್ಲಚ್ ತುಳಿದರೆ ನಿಲ್ಲುತ್ತದೋ ಎಂದು ಬರೆದುಕೊಂಡು ಹೋಗಿ. ಕ್ಲಚ್ ತುಳಿದಾಗ ನಿಲ್ಲುವ ಸದ್ದು ಹೆಚ್ಚಾಗಿ ಗೇರ್‌ಬಾಕ್ಸಿನದು, ಇಂಜಿನ್ನಿನದಲ್ಲ. ಸದ್ದು ಕಾದಾಗ ಬರುವುದಾದರೆ ಕಾದ ಗಾಡಿಯಲ್ಲೇ ಮೆಕ್ಯಾನಿಕ್ಕನ್ನು ಕೂರಿಸಿಕೊಂಡು ಒಂದು ಸುತ್ತು ಬನ್ನಿ. ಕೆಳಗಿನಿಂದ ಕುಟ್ಟುವ ಸದ್ದು ಜೋರಾಗಿದ್ದರೆ ಮಾತ್ರ ಸ್ಟಾರ್ಟ್ ಮಾಡದೆ ಟೋ ಮಾಡಿಸಿ.

ಕುಟ್ಟು ಶುರುವಾದ ಹಂತದಲ್ಲೇ ಸಂಪ್ (ಇಂಜಿನ್ನಿನ ಅಡಿಯ ಆಯಿಲ್ ತೊಟ್ಟಿ) ಬಿಚ್ಚಿದರೆ, ಬೇರಿಂಗ್ ಕೂರುವ ಕ್ರ್ಯಾಂಕ್ ಜರ್ನಲ್ ಮೇಲೆ ಉಗುರಿಗೆ ತಾಗುವ ಗೀರು ಇಲ್ಲದಿದ್ದರೆ, ಕೆಲವೊಮ್ಮೆ ಹೊಸ ಬೇರಿಂಗ್ ಶೆಲ್‌ಗಳಲ್ಲೇ ಮುಗಿಯುತ್ತದೆ. ಗೀರು ಬಿದ್ದಿದ್ದರೆ, ಆ ಕ್ರ್ಯಾಂಕಿಗೆ ಅಂಡರ್‌ಸೈಜ್ ಶೆಲ್ (ಗ್ರೈಂಡ್ ಮಾಡಿದ ಜರ್ನಲ್‌ಗೆ ಹೊಂದುವ ಬೇರಿಂಗ್) ಸಿಗುವುದಾದರೆ, 0.25 ಮಿಲಿಮೀಟರ್ ಗ್ರೈಂಡ್ ಮಾಡಿಸಿ ಹಾಕಬೇಕು. ಆಯಿಲ್ ಪಂಪಿನ ಜಾಲರಿ, ಆಯಿಲ್ ಕೂಲರ್, ಕ್ರ್ಯಾಂಕಿನೊಳಗಿನ ಆಯಿಲ್ ತೂತುಗಳನ್ನು ತೊಳೆಸದೆ ಜೋಡಿಸಲು ಬಿಡಬೇಡಿ. ಅಲ್ಲಿ ಅಡಗಿದ ಲೋಹದ ಪುಡಿ ಹೊಸ ಬೇರಿಂಗನ್ನೂ ಕೆಲವೇ ದಿನದಲ್ಲಿ ತಿನ್ನುತ್ತದೆ. ಜೋಡಿಸಿದ ಮೇಲೆ ಇಂಜೆಕ್ಟರ್ ಕನೆಕ್ಟರ್‌ಗಳನ್ನು ಕಳಚಿಟ್ಟು, ಆಯಿಲ್ ಲೈಟ್ ಆರುವ ತನಕ ಹತ್ತು ಹತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಸಿ. ಅದಾದ ಮೇಲೆಯೇ ಕನೆಕ್ಟರ್ ಸಿಕ್ಕಿಸಿ ಸ್ಟಾರ್ಟ್ ಮಾಡಿಸಿ.